ಚೀಟಿ ತಪ್ಪಿದ ಚಂದ್ರಹಲಸು

ಅಡುಗೆಗೆ ಉಪ್ಪು ಹೆಚ್ಚಾದರೆ ಊಟದ ಹೊತ್ತಿಗೆ ಗೊತ್ತಾಗುತ್ತದೆ. ದರ್ಜಿ ರವಿಕೆಯನ್ನು ತಪ್ಪಾಗಿ ಕತ್ತರಿಸಿದರೆ ಹಬ್ಬದ ಹೊತ್ತಿಗೆ ಗೊತ್ತಾಗುತ್ತದೆ. ಹಲಸಿನ ಕಸಿಯಲ್ಲಿ ಮಾಡಿದ ತಪ್ಪು ಗೊತ್ತಾಗಲು ನಾಲ್ಕೈದು ವರ್ಷ ಬೇಕು. ಅಷ್ಟರಲ್ಲಿ ಅಧಿಕಾರಿಗೆ ವರ್ಗವಾಗಿರುತ್ತದೆ, ಗಿಡ ಒಯ್ದವರು ಮನೆ ಬದಲಾಯಿಸಿರುತ್ತಾರೆ, ತಪ್ಪು ಮಾಡಿದವರಿಗೆ ಬಡ್ತಿಯೂ ಸಿಕ್ಕಿರುತ್ತದೆ. ನನಗೆ ಸಿಕ್ಕಿತ್ತು. ಬಡ್ತಿಯ ವಿಷಯ ಇಷ್ಟೇ ಸಾಕು.

ನಾನು ಮುನಿಲಕ್ಷ್ಮಮ್ಮ. ಯಲಹಂಕದ ಆಚೆ ಇರುವ ಒಂದು ಸರ್ಕಾರಿ ನರ್ಸರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಸಿ ಕಟ್ಟಿದೆ. ಈಗ ಬಾಗಲಗುಂಟೆಯ ಮನೆಯಲ್ಲಿದ್ದೇನೆ. ನಾನು ಬಿಟ್ಟ ಜಾಗಕ್ಕೆ ಮೂವರು ಹೆಣ್ಣುಮಕ್ಕಳು ಬಂದಿದ್ದಾರೆ. ಮೂವರೂ ತೋಟಗಾರಿಕೆ ಡಿಪ್ಲೊಮಾ ಓದಿದವರು. ನಾನು ಕೈಯಿಂದ ಮಾಡುತ್ತಿದ್ದ ಕೆಲಸಗಳಿಗೆಲ್ಲ ಅವರ ಬಳಿ ಹೆಸರುಗಳಿವೆ. ಬೀಳ್ಕೊಡುಗೆಯ ದಿನ ಅವರಲ್ಲೊಬ್ಬಳು, "ಆಂಟಿ, ನಿಮ್ ಅನುಭವ ಎಲ್ಲಾ ಬರ್ದಿಡಿ, ನಮ್ಗೆ ಯೂಸ್ ಆಗತ್ತೆ" ಎಂದಳು. ಮಾತಿಗೆ ಹೇಳಿದಳೋ ಏನೋ, ನಾನು ನಿಜವೆಂದೇ ಹಿಡಿದುಕೊಂಡೆ.

ನಾನು ದಿನಗೂಲಿಗೆ ಸೇರಿದಾಗ ಅಲ್ಲಿದ್ದ ಕಸಿ ಮೇಸ್ತ್ರಿ ಕೆಂಪಣ್ಣ. ಆಗ ಹಲಸಿಗೆ ಒಟ್ಟುಕಸಿ ಮಾಡುತ್ತಿದ್ದರು. ಒಳ್ಳೆಯ ತಾಯಿಮರದ ಸುತ್ತ ಬೊಂಬಿನ ಅಟ್ಟ ಕಟ್ಟಿ, ಅದರ ಮೇಲೆ ಸಸಿಯ ಕುಂಡಗಳನ್ನು ಇಟ್ಟು, ಸಸಿಯ ಕಾಂಡವನ್ನೂ ಮರದ ಕೊಂಬೆಯನ್ನೂ ಒಂದೊಂದು ಪಕ್ಕ ಕೆತ್ತಿ, ಎರಡನ್ನೂ ಸೇರಿಸಿ ಬಿಗಿಯುವುದು. ಎರಡು ಮೂರು ತಿಂಗಳಲ್ಲಿ ಒಂದಕ್ಕೊಂದು ಬೆಸೆದುಕೊಂಡ ಮೇಲೆ ಕೊಂಬೆಯನ್ನು ಮರದಿಂದ ಬಿಡಿಸುವುದು. ಅಲ್ಲಿಯವರೆಗೂ ದಿನಾ ಏಣಿ ಹತ್ತಿ ಕುಂಡಗಳಿಗೆ ನೀರು ಹಾಕಬೇಕು. ಹೊಸಬಳಾದ್ದರಿಂದ ಆ ಕೆಲಸ ನನ್ನದು. ಮೊದಲ ಆರು ತಿಂಗಳು ನಾನು ಕಲಿತದ್ದು ಏಣಿ ಹತ್ತುವುದನ್ನು.

ಕೆಂಪಣ್ಣ ಕೊಂಬೆ ಕೆತ್ತುವಾಗ ನಮ್ಮ ಕಡೆಗೆ ಬೆನ್ನು ಮಾಡುತ್ತಿದ್ದರು. "ನೋಡ್ಬ್ಯಾಡ ಕಣಮ್ಮ, ಕಣ್ಣು ಬಿದ್ರೆ ಇಡಿಯಾಕಿಲ್ಲ" ಎನ್ನುತ್ತಿದ್ದರು. ಕಣ್ಣು ಬೀಳಬಾರದು ಎನ್ನುವುದಕ್ಕಿಂತ ಕೆಲಸ ಬೇರೆಯವರ ಕೈಗೆ ಹೋಗಬಾರದು ಎನ್ನುವುದು ಅವರ ಚಿಂತೆ. ಅವರು ಇಳಿದು ಹೋದ ಮೇಲೆ ನಾನು ನೆಲದ ಮೇಲೆ ಬಿದ್ದ ಸಿಪ್ಪೆಗಳನ್ನು ಆಯ್ದು ನೋಡುತ್ತಿದ್ದೆ. ಸಿಪ್ಪೆ ಎಷ್ಟು ಉದ್ದ, ಎಷ್ಟು ತೆಳುವು, ಒಂದೇ ಏಟಿಗೆ ಬಂದಿದೆಯೋ ಎರಡು ಏಟಿಗೋ. ಹೀಗೆ ಒಂದು ವರ್ಷ ಕಸ ನೋಡಿ ಕಸಿ ಕಲಿತೆ. ಈಗಿನ ಹುಡುಗಿಯರಿಗೆ ಮೊಬೈಲಿನಲ್ಲಿ ವಿಡಿಯೋ ಇದೆ. ವಿಡಿಯೋದಲ್ಲಿ ಯಾರೂ ಬೆನ್ನು ತಿರುಗಿಸುವುದಿಲ್ಲ.

ಆಮೇಲೆ ಬಂದವರು ಹಿರೇಮಠ ಸಾಹೇಬರು. ಬಿಜಾಪುರದ ಕಡೆಯವರು, ಓದು ಮುಗಿಸಿ ಅದೇ ಮೊದಲ ಕೆಲಸ. ಬಂದ ದಿನವೇ ಪ್ಯಾಂಟು ಮಡಚಿ ನೆಲಕ್ಕೆ ಕೂತು, "ಈ ಅಟ್ಟಾ ಗಿಟ್ಟಾ ಏನೂ ಬ್ಯಾಡ್ರಿ. ಮರದ ಹಂತ್ಯಾಕ ಗಿಡ ಯಾಕ ಒಯ್ಯಬೇಕು? ಮರದ ಕಡ್ಡಿ ತಂದ್ರ ಸಾಕು" ಎಂದರು. ಅವರು ಹೇಳಿದ ವಿಧಾನ ಇದು: ಬೀಜದಿಂದ ಬೆಳೆಸಿದ ಎರಡು ಮೂರು ತಿಂಗಳ ಬೇರುಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು, ಒಳ್ಳೆಯ ಮರದಿಂದ ತಂದ ಕಡ್ಡಿಯ ಬುಡವನ್ನು ಬೆಣೆಯಂತೆ ಕೆತ್ತಿ ಆ ಸೀಳಿನಲ್ಲಿ ಕೂರಿಸಬೇಕು, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಬೇಕು. ಕೆಂಪಣ್ಣ ದೂರ ನಿಂತು ಕೇಳಿದರು. "ತಲೆ ಕಡುದ್ರೆ ಬದುಕ್ತದಾ?" ಎಂದಷ್ಟೇ ಅಂದರು.

ಮೊದಲ ಸಲ ನೂರು ಕಟ್ಟಿದೆವು. ನಾಲ್ಕು ಬದುಕಿದವು. ಕೆಂಪಣ್ಣ ಆ ವಾರವೆಲ್ಲ ಬಹಳ ಮರ್ಯಾದೆಯಿಂದ ಮಾತಾಡಿದರು.

ತಪ್ಪು ಎಲ್ಲಿದೆ ಎಂದು ಹುಡುಕಲು ಸಾಹೇಬರಿಗೂ ನನಗೂ ಒಂದು ಮಳೆಗಾಲ ಹಿಡಿಯಿತು. ಹಲಸಿನ ಕಡ್ಡಿ ಕೆತ್ತಿದ ಕೂಡಲೇ ಹಾಲು ಒಸರುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸದೆ ಕೂರಿಸಿದರೆ ಗಾಯದ ಮಧ್ಯೆ ಅಂಟಿನ ಪದರ ನಿಂತು ಎರಡೂ ಬೆಸೆಯುವುದಿಲ್ಲ. ಇನ್ನೊಂದು, ಕಡ್ಡಿ ಕತ್ತರಿಸುವ ಹತ್ತು ದಿನ ಮೊದಲೇ ಮರದ ಮೇಲಿರುವಾಗಲೇ ಅದರ ಎಲೆಗಳನ್ನು ಕತ್ತರಿಸಿ ಸವರಬೇಕು. ಆಗ ತುದಿಯ ಮೊಗ್ಗು ಉಬ್ಬಿ ಚಿಗುರಲು ತಯಾರಾಗಿರುತ್ತದೆ. ಮೂರನೆಯದು, ಕಟ್ಟಿದ ಮೇಲೆ ಕಡ್ಡಿ ಒಣಗದಂತೆ ಮೇಲೊಂದು ಟೋಪಿ ಬೇಕು. ಆ ಟೋಪಿಗೆ ನಾವು ಕೊನೆಗೆ ಆರಿಸಿದ್ದು ಐಸ್ ಕ್ಯಾಂಡಿಯ ಪ್ಲಾಸ್ಟಿಕ್ ಕೊಳವೆ. ದಾಸರಹಳ್ಳಿಯಲ್ಲಿ ಕ್ಯಾಂಡಿ ಮಾಡುವವನ ಹತ್ತಿರ ಐನೂರು ಕೇಳಿದಾಗ ಅವನು, "ಆರೆಂಜಾ, ಮ್ಯಾಂಗೋನಾ?" ಎಂದ. "ಖಾಲಿ" ಎಂದೆ. "ಯಾವ್ ಮಾಲ್ ತುಂಬ್ತೀರಕ್ಕಾ?" ಎಂದು ಅನುಮಾನದಿಂದ ನೋಡಿದ. "ಹಲಸು" ಎಂದೆ. ಅನುಮಾನ ಹೆಚ್ಚಾಯಿತು.

ಆ ಸಲ ಮುಕ್ಕಾಲು ಪಾಲಿಗಿಂತ ಹೆಚ್ಚು ಹಿಡಿದವು. ಭಾನುವಾರ ಯಾರೂ ಇಲ್ಲದಾಗ ಕೆಂಪಣ್ಣ ಬಂದು ಸಾಲುಸಾಲಾಗಿ ಬಗ್ಗಿ ನೋಡಿ ಹೋದರಂತೆ, ಕಾವಲುಗಾರ ಹೇಳಿದ. ಸೋಮವಾರ ತಮ್ಮ ಚಾಕು ಹಿಡಿದುಕೊಂಡು ಬಂದು, "ಎಲ್ಲಿ ಕೂರ್ಲಿ ಸಾರ್?" ಎಂದರು. ಅವರು ನಮ್ಮ ಕಡೆ ಮುಖ ಮಾಡಿ ಕೂತು ಕೆತ್ತಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಸಾಹೇಬರಿಗೆ ವರ್ಗವಾಗಿ ಬೇರೆಯವರು ಬಂದರು. ಅವರ ಕಾಲದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಹಲಸಿನ ಬೀಜ ಒಣಗಿದರೆ ಮೊಳೆಯುವುದಿಲ್ಲ. ಹಣ್ಣಿನಿಂದ ತೆಗೆದು ತೊಳೆದು ಆದಷ್ಟು ಬೇಗ ಮಣ್ಣಿಗೆ ಹಾಕಬೇಕು. ಹೊಸ ಅಧಿಕಾರಿ ಶಿಸ್ತಿನವರು. ಬೇರುಸಸಿ ಬೆಳೆಸಲು ತಂದ ಎರಡು ಮೂಟೆ ಬೀಜವನ್ನು ಮೇಲಿನಿಂದ ಮಂಜೂರಾತಿ ಬರುವವರೆಗೆ ಬೀರುವಿನಲ್ಲಿಟ್ಟು ಬೀಗ ಹಾಕಿಸಿದರು. ಮಂಜೂರಾತಿ ಮೂರು ತಿಂಗಳಿಗೆ ಬಂತು. ಬೀಜ ಬಿತ್ತಿದೆವು. ಒಂದೂ ಮೊಳೆಯಲಿಲ್ಲ. ಏಕೆ ಮೊಳೆಯಲಿಲ್ಲ ಎಂದು ನನ್ನಿಂದ ಲಿಖಿತ ವಿವರಣೆ ಕೇಳಿದರು. "ಬೀಜಗಳು ಸತ್ತಿದ್ದರಿಂದ ಮೊಳೆತಿರುವುದಿಲ್ಲ" ಎಂದು ಬರೆದುಕೊಟ್ಟೆ. "ವಿವರಣೆ ತೃಪ್ತಿಕರವಾಗಿದೆ" ಎಂದು ಷರಾ ಬಂತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬರೆಯಬೇಕೆಂದೇ ಕೂತದ್ದು.

ಶೆಟ್ಟಿಹಳ್ಳಿಯಲ್ಲಿ ಚೌಡಪ್ಪ ಎಂಬವರ ಮನೆಯ ಹಿತ್ತಲಲ್ಲಿ ಒಂದು ಹಲಸಿನ ಮರವಿತ್ತು. ಅವರ ತಾಯಿ ನೆಟ್ಟದ್ದು. ಅದರ ತೊಳೆ ಹಳದಿಯಲ್ಲ, ತಾಮ್ರದ ಕೆಂಪು. ಕೆಂಪು ತೊಳೆಯ ಹಲಸಿಗೆ ನಮ್ಮಲ್ಲಿ ಚಂದ್ರಹಲಸು ಎನ್ನುತ್ತಾರೆ. ನಾನು ಬೇಕಾದಷ್ಟು ಚಂದ್ರಹಲಸು ತಿಂದಿದ್ದೇನೆ. ಇದು ಬೇರೆ. ಗಟ್ಟಿ ತೊಳೆ, ಸಣ್ಣ ಬೀಜ, ತಿಂದ ಮೇಲೆ ಬೆರಳು ಮೂಸಿಕೊಂಡು ಕೂರಬೇಕು ಎನಿಸುವ ವಾಸನೆ. ಆ ಮನೆಯ ಜಾಗವನ್ನು ಚೌಡಪ್ಪನಿಗೂ ಅವರ ಅಕ್ಕ ಅಕ್ಕಯ್ಯಮ್ಮನಿಗೂ ಭಾಗ ಮಾಡಿದಾಗ ಮರ ತಮ್ಮನ ಪಾಲಿಗೆ ಬಂತು. ಅವರು ಅಲ್ಲಿ ಮೂರು ಮಹಡಿಯ ಮನೆ ಕಟ್ಟಿಸಲು ಹೊರಟಿದ್ದರು. ನಕ್ಷೆಯಲ್ಲಿ ಮರ ನಿಂತಿದ್ದ ಕಡೆ ಮೆಟ್ಟಿಲು ಬರುತ್ತಿತ್ತು.

ಅಷ್ಟರಲ್ಲಿ ಹಿರೇಮಠ ಸಾಹೇಬರು ಮತ್ತೆ ನಮ್ಮಲ್ಲಿಗೇ ದೊಡ್ಡ ಅಧಿಕಾರಿಯಾಗಿ ಬಂದಿದ್ದರು. ತಲೆ ನರೆತಿತ್ತು, ಪ್ಯಾಂಟು ಮಡಚಿ ನೆಲಕ್ಕೆ ಕೂರುವುದು ಹಾಗೇ ಇತ್ತು. ಮರ ಕಡಿಯುವ ಸುದ್ದಿ ಕೇಳಿ, "ಮರ ಹೋದ್ರ ಹೋಗ್ಲಿ, ಜಾತಿ ಹೋಗಬಾರದು. ಕಡ್ಡಿ ತರ್ರಿ ಮುನಿಲಕ್ಷ್ಮಮ್ಮ" ಎಂದು ಕಳಿಸಿದರು. ನಾನು ಹೋಗಿ ಎಲೆ ಸವರಿ ಬಂದೆ. ಹತ್ತು ದಿನ ಬಿಟ್ಟು ಕಡ್ಡಿ ಕತ್ತರಿಸಲು ಹೋದೆ. ಚೌಡಪ್ಪ ಏಣಿ ಹಿಡಿದಿದ್ದರು. ಅಕ್ಕಯ್ಯಮ್ಮ ತಮ್ಮ ಪಾಲಿನ ಹಳೇ ಮನೆಯ ಹಿಂಬಾಗಿಲಲ್ಲಿ ನಿಂತಿದ್ದರು.

"ಇದ್ರಾಗೆ ಅದೇ ಅಣ್ಣು ಬರ್ತದೇನವ್ವ?" ಎಂದು ನನ್ನನ್ನು ಕೇಳಿದರು.

"ಅದೇ ಬರುತ್ತೆ ಅಕ್ಕ. ಬೀಜ ಹಾಕಿದ್ರೆ ಬೇರೆ ಬರಬಹುದು. ಕಸಿ ಅಂದ್ರೆ ಅದೇ ಮರ."

ಅವರು ತಮ್ಮನ ಕಡೆ ತಿರುಗಿ, "ಸರಿ ಕಣೋ ಚೌಡ. ಕಡಿ. ಅವ್ವನ ಮರದ ಅಣ್ಣು ತಂದು ನನ್ ಕೈಗೆ ಯಾವತ್ತು ಇಕ್ತೀಯೋ ಆವತ್ತು ನಿನ್ ಮನೆ ಒಳೀಕ್ ಬರ್ತೀನಿ. ಅಲ್ಲೀಗಂಟ ಇಲ್ಲ" ಎಂದರು. ಕೂಗಲಿಲ್ಲ. ಬಟ್ಟೆ ಒಣಗಿದೆ ಎಂದು ಹೇಳುವ ದನಿಯಲ್ಲಿ ಹೇಳಿ ಒಳಗೆ ಹೋದರು.

ಚೌಡಪ್ಪ, "ಎಷ್ಟು ವರ್ಷ ಆಯ್ತದೆ?" ಎಂದರು. "ನಾಲ್ಕು" ಎಂದೆ. "ನಾಕು ವರ್ಷ ಇರ್ತಾಳೆ ಬಿಡಿ, ಗಟ್ಟಿ ಅವಳೆ" ಎಂದರು.

ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಚೀಟಿ ಕಟ್ಟಿ, ನರ್ಸರಿಗೆ ತಂದು ಜಗಲಿಯ ಮೇಲೆ ಇಟ್ಟೆ. ಅದರ ಪಕ್ಕದಲ್ಲೇ ಬೆಳಿಗ್ಗೆ ನಮ್ಮ ನರ್ಸರಿಯ ಹಳೇ ಮರದಿಂದ ಕತ್ತರಿಸಿದ ಇನ್ನೊಂದು ಕಟ್ಟು ಇತ್ತು. ಆ ಮರದ್ದು ಬಿಳಿಚಿಕೊಂಡ, ಲೋಳೆಯಂಥ ಮೆತ್ತಗಿನ ತೊಳೆ. ಅದನ್ನು ಅಂಬಲಿ ಹಲಸು ಎನ್ನುತ್ತೇವೆ. ಶಾಲೆ, ಪಾರ್ಕು, ಕಾರ್ಖಾನೆ ಎಂದು ಸುಮ್ಮನೆ ಹಂಚುವುದಕ್ಕೆ ಆ ಗಿಡಗಳು. ಮಳೆ ಬಂತು. ಗಾಳಿಗೆ ನೆರಳುಪರದೆ ಕಿತ್ತುಹೋಗಿ ಅದನ್ನು ಹಿಡಿಯಲು ಓಡಿದೆ. ಅರ್ಧ ಗಂಟೆ ಬಿಟ್ಟು ಬಂದಾಗ ಜಗಲಿಗೆಲ್ಲ ಎರಚಲು ಹೊಡೆದು ಎರಡು ಕಟ್ಟೂ ಜಾರಿ ನೆಲಕ್ಕೆ ಬಿದ್ದಿದ್ದವು. ಚೀಟಿಗಳ ಮೇಲೆ ನೀಲಿ ನೀರು ಬಿಟ್ಟರೆ ಏನೂ ಇರಲಿಲ್ಲ.

ಎಲೆ ಸವರಿದ ಹಲಸಿನ ಕಡ್ಡಿ ಇನ್ನೊಂದು ಹಲಸಿನ ಕಡ್ಡಿಯ ಹಾಗೇ ಇರುತ್ತದೆ. ಮೂಸಿ ನೋಡಿದೆ. ತುದಿ ಕೆತ್ತಿ ಹಾಲಿನ ಬಣ್ಣ ನೋಡಿದೆ. ಎರಡೂ ಬಿಳಿ. ಬಲಗಡೆಯದು ಶೆಟ್ಟಿಹಳ್ಳಿಯದು ಎಂದು ಅನಿಸಿತು. ಬಲಗಡೆ ಇಟ್ಟ ನೆನಪಿತ್ತು ಎಂದಲ್ಲ, ಯಾವುದಾದರೂ ಒಂದು ಎಂದು ಅನಿಸಲೇಬೇಕಿತ್ತು. ಹೊಸ ಚೀಟಿ ಬರೆದು ಕಟ್ಟಿದೆ.

ಶೆಟ್ಟಿಹಳ್ಳಿಯ ಮರ ಅದಾದ ಮೇಲೂ ಎರಡು ವಾರ ನಿಂತಿತ್ತು. ಬೇರೆ ಕೊಂಬೆಗಳ ಎಲೆ ಸವರಿ ಇನ್ನೊಂದು ಸಲ ಕಡ್ಡಿ ತರಲು ಕಾಲ ಸಾಕಿತ್ತು. ಸಾಹೇಬರಿಗೆ ಒಂದು ಮಾತು ಹೇಳಬೇಕಿತ್ತು ಅಷ್ಟೆ. ಆ ವಾರ ನಾನು ಹೊಸಬರಿಗೆ ತರಬೇತಿ ಕೊಡುತ್ತಿದ್ದೆ. ಚೀಟಿ ಬರೆಯುವುದು ಹೇಗೆ ಎನ್ನುವುದೂ ಅದರಲ್ಲಿ ಒಂದು ಪಾಠ. ಹೇಳಲಿಲ್ಲ.

ಚಂದ್ರಹಲಸು ಎಂದು ಚೀಟಿ ಕಟ್ಟಿದ ಗಿಡಗಳಲ್ಲಿ ಎರಡು ಚೌಡಪ್ಪನಿಗೆ ಹೋದವು. ಒಂದು ಕಟ್ಟಡದ ಮರಳಿನ ಕೆಳಗೆ ಸಿಕ್ಕಿ ಸತ್ತಿತು. ಇನ್ನೊಂದು ಗೇಟಿನ ಪಕ್ಕದಲ್ಲಿ ಚೆನ್ನಾಗಿ ಬೆಳೆಯಿತು. ಮರ ಕಡಿದಾಗ ಬಂದ ಹಳದಿ ದಿಮ್ಮಿಯಿಂದ ಅವರು ತಲೆಬಾಗಿಲು ಮಾಡಿಸಿದ್ದರು. ಮನೆ ಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು, ಹೋಗಿದ್ದೆ. ಪಕ್ಕದ ಮನೆಯ ಅಕ್ಕ ಬಂದಿರಲಿಲ್ಲ. ಊಟ ಕಳಿಸಿದರೆ ತಿಂದು, ಪಾತ್ರೆ ತೊಳೆದು ವಾಪಸ್ ಕಳಿಸಿದರು. ಹೊರಗೆ ಸಿಕ್ಕರೆ ತಮ್ಮನನ್ನು ಮಾತಾಡಿಸುತ್ತಿದ್ದರು, ಜ್ವರ ಬಂದರೆ ಕಷಾಯ ಕಳಿಸುತ್ತಿದ್ದರು. ಒಳಗೆ ಮಾತ್ರ ಬರುವುದಿಲ್ಲ. ಚೌಡಪ್ಪನ ಮಗಳ ಮದುವೆಯ ಚಪ್ಪರದ ದಿನ ಗೇಟಿನ ಆಚೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರಂತೆ.

ಐದನೇ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಚೌಡಪ್ಪ ಆಟೋದಲ್ಲಿ ಒಂದು ಹಲಸಿನ ಹಣ್ಣು ತಂದರು. ಆಗಲೇ ಕತ್ತರಿಸಿದ್ದ ಹಣ್ಣನ್ನು ಸಾಹೇಬರ ಮೇಜಿನ ಮೇಲಿಟ್ಟು ಎರಡು ಹೋಳು ಬಿಡಿಸಿದರು. ಒಳಗೆ ಬಿಳೀ ಲೋಳೆ.

"ಸಾರ್, ಇದು ನಮ್ಮವ್ವನ ಮರ ಅಲ್ಲ" ಎಂದರು.

ಸಾಹೇಬರು ಹಣ್ಣನ್ನು ನೋಡಿದರು, ಆಮೇಲೆ ನನ್ನನ್ನು. "ಕಸಿ ಸತ್ತು ಕೆಳಗಿನ ಬೇರುಸಸಿ ಚಿಗುರಿರಬೇಕಲ್ರಿ?" ಎಂದರು. ಅದು ಬಹಳ ಕಡೆ ಆಗುತ್ತದೆ. ಕಸಿಯ ಗಂಟಿನಿಂದ ಕೆಳಗೆ ಬರುವ ಚಿಗುರನ್ನು ಚಿವುಟದಿದ್ದರೆ ಅದೇ ಮರವಾಗಿ ಬೆಳೆದು, ಮೇಲಿನದು ಒಣಗಿಹೋಗುತ್ತದೆ. ಹೌದು ಎಂದಿದ್ದರೆ ತಪ್ಪು ಚೌಡಪ್ಪನ ಮೇಲೆ ಹೋಗಿ ನಾನು ಉಳಿಯುತ್ತಿದ್ದೆ. ನಿವೃತ್ತಿಗೆ ಒಂದು ವರ್ಷ ಇತ್ತು.

"ಅಲ್ಲ ಸಾರ್. ಚೀಟಿ ಅದಲು ಬದಲಾಗಿದೆ. ನಾನೇ ಮಾಡಿದ್ದು" ಎಂದೆ.

"ನಿಮಗ ಗೊತ್ತಿತ್ತೇನ್ರಿ?"

"ಅನುಮಾನ ಇತ್ತು."

"ಯಾವಾಗಿಂದ?"

"ಕಟ್ಟೋವಾಗಿಂದ."

ಚೌಡಪ್ಪ ಬೈಯಬಹುದು ಎಂದು ಕಾದೆ. ಬೈಯಲಿಲ್ಲ. "ನಮ್ಮಕ್ಕಂಗೆ ಈಗ ಎಪ್ಪತ್ತೆರಡು. ನಾನೇನಂತ ಏಳ್ಲಿ ಓಗಿ?" ಎಂದರು. ಉತ್ತರಕ್ಕೆ ಕಾಯದೆ ಆಟೋ ಹತ್ತಿದರು. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಹಣ್ಣು ಮೇಜಿನ ಮೇಲೇ ಉಳಿಯಿತು. ಸಂಜೆಯೊಳಗೆ ಸಿಬ್ಬಂದಿಯವರು ತಿಂದು ಮುಗಿಸಿದರು. ಬಹಳ ಸಿಹಿಯಾಗಿತ್ತು. ಆ ಮಾತನ್ನು ನನ್ನೆದುರು ಯಾರೂ ಹೇಳಲಿಲ್ಲ.

ಸಾಹೇಬರು ನನ್ನನ್ನು ಕೂರಿಸಿ ಹೇಳಿದ್ದು ಇಷ್ಟೇ: "ನೋಡ್ರಿ, ಇದು ಅಂಬಲಿ ಆದ್ರ, ಅಂಬಲಿ ಅಂತ ಹಂಚಿದ್ದು ಚಂದ್ರಹಲಸು ಆಗಿರಬೇಕು. ಎಲ್ಲೆಲ್ಲಿ ಹೋಗ್ಯಾವ ಬರದದ್ದು ಐತಿ. ಹುಡುಕ್ರಿ. ಒಂದು ಉಳಿದಿದ್ರೂ ಸಾಕು. ನೋಟೀಸು ಗೀಟೀಸು ಆಮ್ಯಾಲೆ ನೋಡೂಣು." ನೋಟೀಸು ಆಮೇಲೆ ಬಂತು ಕೂಡ. ಅವರು ಮರೆಯುವವರಲ್ಲ.

ವಿತರಣೆ ಪುಸ್ತಕ ತೆಗೆದು ನೋಡಿದೆ. ಆ ಕಟ್ಟಿನ ಗಿಡಗಳು ಐದು ಕಡೆ ಹೋಗಿದ್ದವು. ಪ್ರತಿ ಭಾನುವಾರ ಬಸ್ಸು ಹತ್ತಿದೆ.

ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಗಿಡ ನೆಟ್ಟ ಜಾಗ ಲಾರಿ ನಿಲ್ಲಿಸುವ ಜಾಗವಾಗಿತ್ತು. ಯಲಹಂಕದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು, "ಯಾರನ್ನ ನೋಡ್ಬೇಕು ಮೇಡಂ?" ಎಂದ. "ಒಂದು ಹಲಸಿನ ಗಿಡ" ಎಂದೆ. "ಫ್ಲ್ಯಾಟ್ ನಂಬರ್ ಇಲ್ದೆ ಬಿಡಂಗಿಲ್ಲ" ಎಂದ. ಹಿಂದುಗಡೆ ಜನರೇಟರ್ ಪಕ್ಕ ಇರಬಹುದು ಎಂದೆ. ಪುಸ್ತಕದಲ್ಲಿ 'ಹಲಸು, ಜನರೇಟರ್ ಪಕ್ಕ' ಎಂದು ಬರೆದುಕೊಂಡು ಒಳಗೆ ಬಿಟ್ಟ. ಅಲ್ಲಿ ಒಂದು ಡ್ರಮ್ಮಿತ್ತು, ಡ್ರಮ್ಮಿನಲ್ಲಿ ತುಳಸಿ ಇತ್ತು. ಹೆಬ್ಬಾಳದ ಕಡೆಯ ಒಂದು ಪಾರ್ಕಿನಲ್ಲಿ ಗಿಡ ಬದುಕಿತ್ತು, ಆದರೆ ಬೇಲಿಯ ಗಿಡದ ಜೊತೆ ಅದನ್ನೂ ಸೊಂಟದೆತ್ತರಕ್ಕೆ ಕತ್ತರಿಸಿ ಕತ್ತರಿಸಿ ಪೊದೆ ಮಾಡಿದ್ದರು. ಆರ್.ಟಿ. ನಗರದ ಒಂದು ಮನೆಯಲ್ಲಿ ಮರ ಮಹಡಿಯೆತ್ತರ ಬೆಳೆದಿತ್ತು, ಸಿಕ್ಕಿತು ಎಂದುಕೊಂಡೆ. ಬುಡಕ್ಕೆ ಬಗ್ಗಿ ನೋಡಿದರೆ ಕಸಿಯ ಗಂಟಿನ ಮೇಲೆ ಒಣಗಿದ ಮೋಟು, ಕೆಳಗಿನಿಂದ ಬೇರುಸಸಿಯ ಚಿಗುರೇ ಮರವಾಗಿತ್ತು. ಮನೆಯಾಕೆ ಕಾಫಿ ಕೊಟ್ಟು, "ನೀವೇ ಮಾಡಿದ್ ಗಿಡ, ಎಷ್ಟ್ ಚೆನ್ನಾಗ್ ಬಂದಿದೆ ನೋಡಿ" ಎಂದರು. "ತುಂಬಾ ಚೆನ್ನಾಗಿದೆ" ಎಂದೆ. ಕಾಫಿಯೂ ಚೆನ್ನಾಗಿತ್ತು.

ಉಳಿದದ್ದು ಒಂದೇ, ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ, ಬಾಗಲಗುಂಟೆಯ ಒಂದು ಶಾಲೆ. ಹತ್ತಿರ ಇದೆಯಲ್ಲ ಎಂದು ಕೊನೆಗೆ ಇಟ್ಟುಕೊಂಡಿದ್ದೆ. ಅಡುಗೆಮನೆಯ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಮರ ದಟ್ಟಗೆ ಹಸಿರಾಗಿ ನಿಂತಿತ್ತು. ಕಸಿಯ ಗಂಟು ಸರಿಯಾಗಿತ್ತು, ಮೇಲಿನದೇ ಬೆಳೆದಿತ್ತು. ಕಾಯಿ ಮಾತ್ರ ಒಂದೂ ಇರಲಿಲ್ಲ. ಕಾಂಡದ ಮೇಲೆ ಕೊಯ್ದ ತೊಟ್ಟಿನ ಗುರುತುಗಳಿದ್ದವು.

ಅಡುಗೆಯ ಗಂಗಮ್ಮನನ್ನು ಕೇಳಿದೆ. "ಎಳೇದ್ರಲ್ಲೇ ಉಳಿಗೆ ಆಕ್ಬುಡ್ತೀವಿ ಕಣಕ್ಕ. ಅಣ್ಣಾಗಕ್ ಬುಟ್ರೆ ಐಕ್ಳು ಕೈ ಬಾಯೆಲ್ಲಾ ಅಂಟು ಮಾಡ್ಕಂಡು ಪುಸ್ತಕಕ್ಕೆಲ್ಲಾ ಮೆತ್ತಿಸ್ತವೆ" ಎಂದಳು. ಎರಡು ವರ್ಷದಿಂದ ಆ ಮರ ಕಾಯಿ ಬಿಡುತ್ತಿತ್ತು. ಎರಡು ವರ್ಷದಿಂದ ಮಕ್ಕಳು ಹುಳಿಯಲ್ಲಿ ತಿನ್ನುತ್ತಿದ್ದರು. ಎಳೆಗಾಯಿಯ ಒಳಗೆ ಕೆಂಪೋ ಬಿಳಿಯೋ ತಿಳಿಯುವುದಿಲ್ಲ, ಹಣ್ಣಾಗುವವರೆಗೆ ಎಲ್ಲ ಹಲಸೂ ಒಂದೇ.

ಮುಂದಿನ ವರ್ಷ ಕಾಯಿ ಕಚ್ಚಿದ ಕೂಡಲೇ ಹೋಗಿ ಒಂದನ್ನು ಬಿಡಬೇಕೆಂದು ಗಂಗಮ್ಮನನ್ನು ಕೇಳಿಕೊಂಡೆ. "ಒಂದ್ಯಾಕೆ?" ಎಂದಳು. ಎಲ್ಲವನ್ನೂ ಹೇಳಿದೆ, ಚೀಟಿ, ಮಳೆ, ಅಕ್ಕಯ್ಯಮ್ಮ. ಪಾತ್ರೆ ಉಜ್ಜುತ್ತಾ ಪೂರ್ತಿ ಕೇಳಿ, "ಅಯ್ಯೋ, ಐದು ವರ್ಷ ಬಾಯ್ ಮುಚ್ಕಂಡ್ ಇದ್ರಾ?" ಎಂದಳು. ನನ್ನ ಮೇಲಧಿಕಾರಿಗಳು ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ. "ಇದ್ದೆ" ಎಂದೆ. "ದೊಡ್ಡದನ್ನೇ ಬುಡ್ತೀನಿ ತಗಳಿ" ಎಂದಳು.

ಏಪ್ರಿಲಿಗೆ ಶಾಲೆಗೆ ರಜೆ. ಕಾಯಿಗೆ ಗೋಣಿಚೀಲ ಕಟ್ಟಿದೆ, ಅಳಿಲು ತೂತು ಮಾಡಿದಾಗ ಎರಡನೇ ಚೀಲ ಕಟ್ಟಿದೆ. ಗಂಗಮ್ಮನ ಮನೆ ಶಾಲೆಯ ಬೆನ್ನಿಗೇ ಇತ್ತು. ದಿನಾ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ, "ಐತೆ ಕಣಕ್ಕ" ಎಂದು ಫೋನ್ ಮಾಡುತ್ತಿದ್ದಳು. ಒಂದು ದಿನ ಅವಳ ಫೋನ್ ಬರಲಿಲ್ಲ. ಚಪ್ಪಲಿ ಹಾಕದೆ ಓಡಿದೆ. ಕಾಯಿ ಇತ್ತು, ಅವಳ ಕರೆನ್ಸಿ ಮುಗಿದಿತ್ತು.

ಮೇ ಕೊನೆಗೆ ನನಗೆ ನಿವೃತ್ತಿಯಾಯಿತು. ಹಾರ ಹಾಕಿದರು, ಸಾಹೇಬರು ಎರಡು ಮಾತಾಡಿದರು. ಒಂದನೆಯ ಮಾತು ನನ್ನ ಕೈಗುಣದ ಮೇಲೆ. ಎರಡನೆಯದು, "ಮುನಿಲಕ್ಷ್ಮಮ್ಮ ಅವರ ಒಂದು ಕೆಲಸ ಇನ್ನೂ ಬಾಕಿ ಐತಿ" ಎಂದು. ಸಭೆ ನಕ್ಕಿತು. ಅವರು ನಗಲಿಲ್ಲ, ನಾನೂ ನಗಲಿಲ್ಲ.

ಶಾಲೆ ತೆರೆದ ವಾರದಲ್ಲೇ ಕಾಯಿಯ ಮುಳ್ಳುಗಳು ಅಗಲವಾಗಿ ಚಪ್ಪಟೆಯಾದವು. ಬಡಿದರೆ ಡಬಡಬ ಎಂದಿತು. ಇಳಿಸಿ ಗೋಣಿಯಲ್ಲಿ ಸುತ್ತಿ ಗಂಗಮ್ಮನ ಅಡುಗೆಮನೆಯಲ್ಲಿಟ್ಟೆವು. ಮೂರನೇ ದಿನ ಬಾಗಿಲಿನಾಚೆಗೇ ವಾಸನೆ ಬಂತು. ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಂಡೆ. ಚಾಕುವನ್ನು ಹಣ್ಣಿನ ಮೇಲಿಟ್ಟು, ತೆಗೆದು, ಇನ್ನೊಂದು ಸಲ ಎಣ್ಣೆ ಸವರಿದೆ. "ಕೊಡಿ ಇತ್ಲಾಗೆ" ಎಂದು ಗಂಗಮ್ಮ ಚಾಕು ಕಿತ್ತುಕೊಂಡು ಒಂದೇ ಏಟಿಗೆ ಸೀಳಿದಳು.

ಕೆಂಪು.

ಗಂಗಮ್ಮ, "ಅಯ್ಯೋ ಶಿವನೆ, ಇದನ್ನಾ ನಾವು ಉಳಿಗಾಕಿದ್ದು?" ಎಂದಳು. ನಾನು ಅಲ್ಲೇ ಅಕ್ಕಿಮೂಟೆಯ ಮೇಲೆ ಕೂತೆ. ಅರ್ಧ ಹಣ್ಣು ಮಕ್ಕಳಿಗೆ ಹೋಯಿತು. ಪುಸ್ತಕಗಳಿಗೆ ಅಂಟಾಯಿತು.

ಉಳಿದರ್ಧವನ್ನು ಬಾಳೆಲೆಯಲ್ಲಿ ಸುತ್ತಿ ಶೆಟ್ಟಿಹಳ್ಳಿಗೆ ಒಯ್ದೆ. ಚೌಡಪ್ಪನ ಕೈಗೆ ಕೊಟ್ಟು, "ನೀವೇ ಕೊಡಬೇಕು" ಎಂದೆ. ಅವರು ಎಲೆ ಬಿಡಿಸಿ ಬಣ್ಣ ನೋಡಿ ಎಲೆ ಮುಚ್ಚಿದರು. "ಬಣ್ಣ ಓಕೆ. ರುಚಿ ಅವಳೇ ಏಳ್ಬೇಕು" ಎಂದರು. ತಾವು ಮುಟ್ಟಲಿಲ್ಲ.

ಅಕ್ಕಯ್ಯಮ್ಮ ಜಗಲಿಯ ಮೇಲೆ ಅವರೆಕಾಳು ಆರಿಸುತ್ತಿದ್ದರು. ಚೌಡಪ್ಪ ಅಕ್ಕನ ಅಂಗಳಕ್ಕೆ ಬಂದು ಎಲೆಯನ್ನು ಅವರ ಮುಂದೆ ಇಟ್ಟು ಹಿಂದೆ ಸರಿದು ನಿಂತರು. ನಾನು ತಪ್ಪು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದು ಒಂದು ತೊಳೆ ಬಿಡಿಸಿದರು. ಬೀಜ ತೆಗೆದು ನೋಡಿದರು.

"ಬೀಜ ವಸಿ ದಪ್ಪ ಐತೆ" ಎಂದರು.

ಚೌಡಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಅವರು ಅಗಿದರು. ಎರಡನೆಯ ತೊಳೆ ತಿಂದರು, ಮೂರನೆಯದು ತಿಂದರು. ಆ ಹೊತ್ತಿನಲ್ಲಿ ಬೀದಿಯಲ್ಲಿ ಗುಜರಿಯವನು ಕೂಗುತ್ತಾ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹೋದ. ಎಳೇ ಮರದ ಹಣ್ಣು ಮೊದಮೊದಲು ಸ್ವಲ್ಪ ಸಪ್ಪೆಯಿರುತ್ತದೆ, ಮರ ಬಲಿತರೆ ಸರಿಹೋಗುತ್ತದೆ ಎಂದು ಹೇಳಬೇಕೆಂದುಕೊಂಡೆ. ನಾಲ್ಕನೆಯದನ್ನು ತಿಂದು ಮುಗಿಸಿ ಅಕ್ಕಯ್ಯಮ್ಮ ಬೆರಳುಗಳನ್ನು ಮೂಗಿನ ಹತ್ತಿರ ತಂದು ಹಾಗೇ ಸ್ವಲ್ಪ ಹೊತ್ತು ಕೂತರು. ಆಮೇಲೆ ಸೆರಗಿನಿಂದ ಕೈಯನ್ನಲ್ಲ, ಕಣ್ಣನ್ನು ಒರೆಸಿಕೊಂಡರು.

"ಚೌಡ, ನಿಂದು ಮೂರ್ನೇ ಮಹಡಿ ಅಲ್ವೇನೋ?"

"ಊಂ ಕಣಕ್ಕ."

"ಲಿಫ್ಟ್ ಮಡಗ್ಸಿದ್ದೀಯಾ?"

"ಇಲ್ಲ ಕಣಕ್ಕ."

"ಕಟ್ಟೋವಾಗ್ಲೇ ಮಡಗ್ಸಕ್ಕೇನಾಗಿತ್ತು ನಿಂಗೆ" ಎಂದು ಮೊಣಕಾಲು ಹಿಡಿದುಕೊಂಡು ಎದ್ದರು. "ಕೈ ಕೊಡು. ಮೆಟ್ಲು ನಿಧಾನಕ್ ಅತ್ತುಸ್ಬೇಕು."